ಅತಿಥಿಗೆ ಇಲ್ಲ ಅನ್ನಬಾರದು

ಪಾಠ ಹೇಳಿಕೊಟ್ಟವಳು ನಾನೇ. ಅದು ತಿರುಗಿ ನನ್ನ ಕುತ್ತಿಗೆಗೇ ಬಂತು.

ಎರಡು ವರ್ಷದ ಹಿಂದೆ ರಾಸ್ಮುಸ್ ಡೆನ್ಮಾರ್ಕಿನಿಂದ ಫಿಲಿಪ್ಪೀನ್ಸಿನ ನಮ್ಮ ಸೆಬು ಊರಿಗೆ ಬೆತ್ತದ ಕುರ್ಚಿ ಕೊಳ್ಳಲು ಬಂದ. ಮ್ಯಾಡಮ್ ಪುರಿತಾ ಅವರ ಕಾರ್ಖಾನೆಯಲ್ಲಿ ವಿದೇಶಿ ಗಿರಾಕಿಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. "ಈಸ್ಟರ್ ಒಳಗೆ ಕೊಡ್ತೀರಾ?" ಅಂತ ಅವನು ಕೇಳಿದ. ಮ್ಯಾಡಮ್ ನಕ್ಕು, "ಹೂಂ, ಪ್ರಯತ್ನ ಮಾಡ್ತೀವಿ" ಅಂದರು. ಈಸ್ಟರ್ ಬಂತು, ಹೋಯಿತು. ಕುರ್ಚಿ ಮಾತ್ರ ಹೊರಡಲಿಲ್ಲ.

"ಹೂಂ ಅಂದಿದ್ರಲ್ಲ ನೆನಿತಾ?" ಮುಖ ಸಣ್ಣದು ಮಾಡಿಕೊಂಡು ನನ್ನ ಮೇಜಿನ ಮುಂದೆ ನಿಂತ.

"ಸರ್, ಅತಿಥಿಯ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋದು ನಮ್ಮಲ್ಲಿಲ್ಲ. ನಾಲ್ಕು ಜನರ ಮುಂದೆ ಕೇಳಿದ್ರಂತೂ ಹೂಂ ಅಂತಾನೇ ಅಂತಾರೆ. ಕಣ್ಣು ಕೆಳಗೆ ಹಾಕಿ ನಕ್ಕರು ಅಂದ್ರೆ ಆಗಲ್ಲ ಅಂತ ತಿಳ್ಕೊಳ್ಳಿ."

"ಹಾಗಾದ್ರೆ ನೀವು ಯಾರಿಗೂ ಇಲ್ಲ ಅನ್ನೋದೇ ಇಲ್ವಾ?"

"ಮನೆಯವರಿಗೆ ಅಂತೀವಲ್ಲ. ನಮ್ಮಮ್ಮ ನನಗೆ ದಿನಾ ಅಂತಾರೆ, ಜೊತೆಗೆ ಬೈಗುಳ ಬೇರೆ."

ಅವನು ನಕ್ಕ. ನೀಲಿ ಕಣ್ಣಿನ ಸುತ್ತ ಸಣ್ಣ ಸುಕ್ಕುಗಳು ಮೂಡಿದವು. ಅವತ್ತೇ ನಾನು ಸ್ವಲ್ಪ ಜಾರಿದ್ದೆ, ಸುಳ್ಳು ಯಾಕೆ ಹೇಳಲಿ.

ಹುಡುಗ ಚುರುಕು. ಬಂದಾಗಲೆಲ್ಲ ಮೊದಲು ಹಿರಿಯರಿಗೆ ನಮಸ್ಕಾರ, ಎಲ್ಲರಿಗೂ ಒಂದೊಂದು ಪೊಟ್ಟಣ ಮಿಠಾಯಿ. ಕಷ್ಟದ ಮಾತಿದ್ದರೆ ನೇರ ಹೇಳದೆ ಕಾರ್ಖಾನೆಯ ಹಿರಿಯ ಕೆಲಸಗಾರ್ತಿ, ನಮ್ಮ ಇಸಿಯಾಂಗ್ ಅಕ್ಕನ ಕೈಲಿ ಹೇಳಿಸುವುದನ್ನೂ ಕಲಿತ. ಬಾಯಿ ಬಿಡದೆ ಹುಬ್ಬು ಹಾರಿಸಿ ಹೂಂ ಅನ್ನುವ ನಮ್ಮ ಅಭ್ಯಾಸವನ್ನೂ ಕಲಿಯದೆ ಬಿಡಲಿಲ್ಲ. ಬೆತ್ತದ ಕಟ್ಟುಗಳ ಆಚೆಯಿಂದ ನಾನು "ಊಟ ಆಯ್ತಾ?" ಅಂತ ಕೈಸನ್ನೆ ಮಾಡಿದರೆ ಆ ಬಂಗಾರದ ಹುಬ್ಬುಗಳು ಹಣೆಯ ಮೇಲಕ್ಕೆ ಹಾರುತ್ತಿದ್ದವು. ಹುಡುಗಿಯರೆಲ್ಲ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ, ಎದೆ ಹೊಡೆದುಕೊಳ್ಳುತ್ತಿತ್ತು.

ಮೊನ್ನೆ ಮ್ಯಾಡಮ್ ಹುಟ್ಟುಹಬ್ಬ. ಇಡೀ ಹಂದಿ ಸುಟ್ಟು, ಕರೋಕೆ ಹಾಕಿ, ಕಾರ್ಖಾನೆಯ ಅಂಗಳ ತುಂಬ ಜನ. ರಾಸ್ಮುಸ್ ಯಾವಾಗಲೂ ಹಾಕುವ ಆ ಕಿತ್ತಳೆ ಬಣ್ಣದ ಶರ್ಟು ತೊಟ್ಟು ಬಂದು ಒಂದು ಹಾಡು ಹಾಡಿದ. ಹಾಡು ಮುಗಿಸಿ ಮೈಕನ್ನು ಕೆಳಗಿಡಲಿಲ್ಲ.

"ನೆನಿತಾ, ನನ್ನ ಮದುವೆ ಆಗ್ತೀಯಾ?"

ಅಷ್ಟು ಜನರ ಕಣ್ಣು ಒಮ್ಮೆಲೇ ನನ್ನ ಮೇಲೆ. ನಾಚಿಕೆಗೆ ಕಣ್ಣು ಕೆಳಗಾಯಿತು, ನಗು ಉಕ್ಕಿತು. "ಹೂಂ" ಅಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ಎತ್ತಿದಾಗ ಅವನ ಮುಖ ಕಳೆಗುಂದಿತ್ತು. ಯಾಕೆಂದು ಆಗ ಹೊಳೆಯಲೇ ಇಲ್ಲ.

ಮಾರನೆಯ ಬೆಳಿಗ್ಗೆ ಇಸಿಯಾಂಗ್ ಅಕ್ಕ ನನ್ನ ಪಕ್ಕ ಕುರ್ಚಿ ಎಳೆದುಕೊಂಡರು. ಹವಾಮಾನದ ಮಾತಾಡಿದರು, ನಮ್ಮಮ್ಮನ ಮಂಡಿನೋವು ವಿಚಾರಿಸಿದರು. ಅವರು ಹೀಗೆ ಸುತ್ತಿ ಬಳಸಿ ಮಾತಾಡಿದರೆ ಕೆಟ್ಟ ಸುದ್ದಿಯೇ.

"ಆ ಹುಡುಗ ಹೇಳಿಕಳಿಸಿದಾನೆ ಕಣೆ. ಎಲ್ಲರ ಮುಂದೆ ಕೇಳಿದ್ದು ತನ್ನದೇ ತಪ್ಪಂತೆ. ನೀನು ಅವನ ಮಾನ ಉಳಿಸೋಕೆ ಹೂಂ ಅಂದೆ ಅಂತ ಗೊತ್ತಾಯ್ತಂತೆ. ನೀನೇನೂ ಬೇಜಾರು ಮಾಡ್ಕೋಬೇಡ ಅಂದ. ಇವತ್ತು ಸಂಜೆ ವಿಮಾನ. ಇನ್ಮೇಲೆ ಇಲ್ಲಿಗೆ ಕಂಪನಿಯಿಂದ ಬೇರೆಯವರು ಬರ್ತಾರಂತೆ."

"ಅಕ್ಕ, ನನ್ನ ಹೂಂ ನಿಜವಾದದ್ದೇ ಅಂತ ಹೇಳಿ. ಈಗಲೇ ಹೋಗಿ."

ಹೋದರು, ಬಂದರು. "'ಅವಳು ಒಳ್ಳೆಯವಳು, ಹಾಗೇ ಹೇಳ್ತಾಳೆ ಅಂತ ಗೊತ್ತಿತ್ತು' ಅಂದ. ಕಣ್ಣು ಒದ್ದೆ ಮಾಡ್ಕೊಂಡು ಥ್ಯಾಂಕ್ಸ್ ಅಂದ. ಅದೆಂಥಾ ಪಾಠ ಹೇಳಿಕೊಟ್ಟಿದೀಯೇ ಮಾರಾಯ್ತಿ?"

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇನ್ನು ನಾನು ಎಷ್ಟು ಸಿಹಿಯಾಗಿ ಮಾತಾಡಿದರೂ ಅವನಿಗೆ ಅದು ಮರ್ಯಾದೆಯ ಮಾತೇ.

ಮಧ್ಯಾಹ್ನ ಮ್ಯಾಡಮ್ ಕೋಣೆಯಲ್ಲಿ ಕೊನೆಯ ಮೀಟಿಂಗ್. ಮೇಜಿನ ಮೇಲೆ ಕಾಫಿ, ಅಕ್ಕಿಹಿಟ್ಟಿನ ಬಿಸಿ ಕೇಕು ಬಿಬಿಂಗ್ಕಾ. ರಾಸ್ಮುಸ್ ಪಕ್ಕದಲ್ಲೇ ಅವನ ಪೆಟ್ಟಿಗೆ. ಮುಂದಿನ ಕುರ್ಚಿಗಳು ಜೂನ್ ಒಳಗೆ ಬೇಕು ಅಂತ ಅವನು ಕೇಳಿದ. ಮ್ಯಾಡಮ್ ನಕ್ಕು, "ಹೂಂ, ನೋಡೋಣ" ಅಂದರು. ನಾನು ಆರ್ಡರಿನ ಕಾಗದ ಕೊಟ್ಟೆ. ಅವನು ತಲೆ ಎತ್ತಲಿಲ್ಲ.

"ಥ್ಯಾಂಕ್ಯೂ, ಮಿಸ್ ನೆನಿತಾ. ಇಷ್ಟು ದಿನ ತುಂಬ ಚೆನ್ನಾಗಿ ನೋಡ್ಕೊಂಡ್ರಿ."

ಮಿಸ್ ನೆನಿತಾ. ಗಿರಾಕಿಯ ಮುಂದೆ ದನಿ ಎತ್ತಿದವರನ್ನು ಮ್ಯಾಡಮ್ ಹಿಂದೆ ಮನೆಗೆ ಕಳಿಸಿದ್ದುಂಟು. ಗೊತ್ತಿದ್ದೂ ಬಾಯಿ ಬಿಟ್ಟೆ.

"ಇಲ್ಲ."

ಕಾಫಿ ಲೋಟ ಎತ್ತಿದ್ದ ಮ್ಯಾಡಮ್ ಕೈ ಹಾಗೇ ನಿಂತಿತು.

"ನೀನು ಎಲ್ಲಿಗೂ ಹೋಗಲ್ಲ. ಆ ಕಿತ್ತಳೆ ಶರ್ಟು ದರಿದ್ರವಾಗಿದೆ. ನಿನ್ನ ಹಾಡು ಕೇಳಿ ಬೀದಿನಾಯಿ ಎದ್ದು ಹೋಯ್ತು. ಬಾಯಿಮಾತಿಗೆ ಊಟಕ್ಕೆ ಬಾ ಅಂದ್ರೆ ಬಂದು ಕೂತೇಬಿಡ್ತೀಯ. ನಮ್ಮಮ್ಮ ಕಷ್ಟಪಟ್ಟು ಮಾಡಿದ ಮೀನಿನ ತಲೆ ಹಾಗೇ ಬಿಟ್ಟು ಎದ್ದೆ. ಮೈಕ್ ಹಿಡಿದು ಊರಿಗೆಲ್ಲ ಕೇಳೋ ಹಾಗೆ ಮದುವೆ ಕೇಳ್ತಾರಾ ಯಾರಾದ್ರೂ? ಕೇಳಿದ್ಮೇಲೆ ಓಡಿ ಹೋಗ್ತಾರಾ? ಬುದ್ಧಿ ಬೇಡ್ವಾ?"

"ನೆನಿತಾ," ಮ್ಯಾಡಮ್ ದನಿ ಉಡುಗಿತ್ತು. "ಅವರು ಅತಿಥಿ."

"ಅಲ್ಲ ಮ್ಯಾಡಮ್. ಆ ಮಾತೇ ಮುಗೀತು."

ರಾಸ್ಮುಸ್ ನಿಧಾನವಾಗಿ ತಲೆ ಎತ್ತಿದ.

"ಶರ್ಟು ಅಷ್ಟು ಕೆಟ್ಟದಾಗಿದೆಯಾ?"

"ಇನ್ನೂ ಕೆಟ್ಟದಾಗಿದೆ."

"ಎರಡು ವರ್ಷದಿಂದ ನೀನೇ ಚೆನ್ನಾಗಿದೆ ಅಂತಿದ್ದೆ."

"ಎರಡು ವರ್ಷ ನೀನು ಹೊರಗಿನವನಾಗಿದ್ದೆ."

ಅವನ ತುಟಿ ಅದುರಿತು. ಕಣ್ಣ ಸುತ್ತ ಅದೇ ಸಣ್ಣ ಸುಕ್ಕುಗಳು ಮೂಡಿದವು, ಆದರೆ ಕೆನ್ನೆ ಒದ್ದೆಯಾಗಿತ್ತು. ಪೆಟ್ಟಿಗೆಯನ್ನು ಕಾಲಿನಿಂದಲೇ ಮೇಜಿನ ಕೆಳಗೆ ತಳ್ಳಿದ.

ಮ್ಯಾಡಮ್ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದರು. ಲೋಟ ಕೆಳಗಿಟ್ಟು, ಕನ್ನಡಕ ತೆಗೆದು ತಮ್ಮ ಬ್ಲೌಸಿನ ಅಂಚಿಗೇ ಒರೆಸಿಕೊಂಡರು. ನನ್ನ ಕೆಲಸ ಹೋಯಿತು ಅಂದುಕೊಂಡೆ.

"ಹಾಗಾದ್ರೆ ಇವನು ಇನ್ಮೇಲೆ ನಮ್ಮ ಮನೆ ಹುಡುಗ ಅನ್ನು."

ನಾನು ಹುಬ್ಬು ಹಾರಿಸಿದೆ.

ಮ್ಯಾಡಮ್ ಬಿಬಿಂಗ್ಕಾ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದರು.

"ತಿನ್ನೋ. ಮತ್ತೆ ಕೇಳಿಸ್ಕೋ, ನೀನು ಕೇಳಿದ ಕುರ್ಚಿ ಜೂನ್ ಒಳಗೆ ಆಗಲ್ಲ."