ಎಡಗಡೆಯ ಕುರ್ಚಿ

"ಸರ್..."

ಮೂರನೇ ಸಲ ಕರೆದರೂ ಅವನು ತಿರುಗಲಿಲ್ಲ.

ಮದುವೆ ವೀಡಿಯೋ ಎಡಿಟಿಂಗ್ ಕಲಿಯಲು ಮೋನಿಕಾ ಜಾವಳಿಯಿಂದ ಎರಡು ಬಸ್ಸು ಬದಲಿಸಿ ಆಲ್ದೂರಿನ ಸ್ಟುಡಿಯೋಗೆ ಬಂದಿದ್ದಳು. ಕಂಪ್ಯೂಟರಿನ ಮುಂದೆ ಕೂತಿದ್ದ ಎಡಿಟರ್ ಸುರೇಂದ್ರನ ಎಡಬದಿಯಲ್ಲಿ ಅವಳು ಚೀಲ ಅವುಚಿಕೊಂಡು ನಿಂತಳು.

'ಇಲ್ಲಿಯೂ ನಾನು ಯಾರಿಗೂ ಬೇಡವೇ...'

ಎಸ್ಟೇಟಿನಲ್ಲಿ ಕೆಲಸಕ್ಕಿದ್ದ ಅಮ್ಮ ತೀರಿಕೊಂಡು ವರ್ಷವಾಗಿತ್ತು. ಚಿಕ್ಕಮ್ಮನ ಮನೆಯಲ್ಲಿ ಊಟ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ.

ಪರದೆಯ ಮೇಲೆ ನೆರಳು ಬಿದ್ದಾಗ ಸುರೇಂದ್ರ ಬೆಚ್ಚಿ ಎದ್ದ.

"ಯಾವಾಗ ಬಂದ್ರಿ?"

"ಆಗ್ಲೇ ಬಂದೆ."

"ಕೂತ್ಕೊಳ್ಳಿ."

ಅವನ ಬಲಕ್ಕೆ ಗೋಡೆ. ಎಡಕ್ಕೊಂದು ಕುರ್ಚಿ. ಅಂದಿನಿಂದ ಅದೇ ಅವಳ ಜಾಗವಾಯಿತು.

ಕಲಿಸುವಾಗ ಮಾತ್ರ ಅವನು ಅವಳತ್ತ ತಿರುಗಿ ಕೂರುತ್ತಿದ್ದ. ಒಮ್ಮೆ ಅವಳು ದೃಶ್ಯದ ಎರಡು ಸೆಕೆಂಡು ಅಳಿಸಿದಳು, ಅದರ ಧ್ವನಿ ಅಳಿಸಲು ಮರೆತಳು. ಅಲ್ಲಿಂದಾಚೆ ಪುರೋಹಿತರ ತುಟಿ ಮುಂದೆ, ಮಂತ್ರ ಹಿಂದೆ.

ಅವನು ಬೈಯಲಿಲ್ಲ. "ಎರಡನ್ನೂ ಒಟ್ಟಿಗೆ ಹಿಡಿದು ಕತ್ತರಿಸ್ಬೇಕು. ಇನ್ಮುಂದೆ ಸೌಂಡ್ ಪೂರ್ತಿ ನೀವೇ ನೋಡ್ಕೊಳ್ಳಿ," ಎಂದು ಹೆಡ್‌ಫೋನ್ ಕೈಗಿಟ್ಟ.

ಆ ಕೋಣೆಗೆ ಬರಲೆಂದೇ ಅವಳು ಬೆಳಿಗ್ಗೆ ಬೇಗ ಏಳತೊಡಗಿದಳು. ಆದರೆ ಅವನು ಪರದೆಯತ್ತ ತಿರುಗಿದನೆಂದರೆ ಮುಗಿಯಿತು, ಅವಳು ಏನು ಹೇಳಿದರೂ ಉತ್ತರವಿಲ್ಲ.

ಒಂದು ಮಧ್ಯಾಹ್ನ, ಮಗಳನ್ನು ಕಳಿಸಿಕೊಡುತ್ತಾ ತಾಯಿ ಅಳುವ ದೃಶ್ಯವನ್ನು ಅವನು ಜೋಡಿಸುತ್ತಿದ್ದ. ಮೋನಿಕಾಳಿಗೆ ತಡೆಯಲಾಗಲಿಲ್ಲ.

"ನನ್ನ ಕಳಿಸಿಕೊಡುವಾಗ ಹೀಗೆ ಅಳೋಕೆ ಯಾರೂ ಇಲ್ಲ, ಸುರೇಂದ್ರ ಅವ್ರೆ..."

ಯಾರಿಗೂ ಹೇಳದ ಮಾತು ಅದು. ಅವನು ತಲೆಯೆತ್ತಲಿಲ್ಲ. ಮೌಸ್ ಒತ್ತಿ ಮುಂದಿನ ದೃಶ್ಯಕ್ಕೆ ಹೋದ.

ಕಲ್ಲಿನ ಹತ್ತಿರ ಹೇಳಿಕೊಂಡಂತಾಯಿತು! ಅವಳು ಚೀಲ ತೆಗೆದುಕೊಂಡು ಹೊರಟುಬಿಟ್ಟಳು.

ಮರುದಿನ ಸ್ಟುಡಿಯೋ ಮಾಲೀಕ ರಂಗನಾಥರ ಎದುರು ನಿಂತಳು. "ನಾಳೆಯಿಂದ ಬರಲ್ಲ ಸರ್. ಅವ್ರಿಗೆ ನನ್ನ ಹತ್ರ ಮಾತಾಡೋಕೂ ಇಷ್ಟ ಇಲ್ಲ."

"ನೀನು ಎಡಗಡೆ ಕೂತು ಮಾತಾಡಿದ್ರೆ ಅವ್ನಿಗೆ ಹೇಗೆ ಕೇಳ್ಬೇಕು ಮಾರಾಯ್ತಿ? ಎಡಗಿವಿ ಹೋಗಿ ಎಷ್ಟು ವರ್ಷ ಆಯ್ತು, ಬಲಗಿವಿಗೆ ಸ್ಪೀಕರ್ ಸದ್ದು ಬೇರೆ. ನಿಂಗೆ ಹೇಳಿಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಒಂದು ಕಿವಿಯವನಿಗೆ ಎಡಿಟಿಂಗ್ ಯಾಕೆ ಅಂತ ಎರಡು ಕಡೆ ಕೆಲಸದಿಂದ ತೆಗೆದಿದ್ರು. ಅದಕ್ಕೇ ಯಾರಿಗೂ ಹೇಳಲ್ಲ. ಸೌಂಡಿಗೆ ಮೋನಿಕಾ ಇದ್ರೆ ಧೈರ್ಯ ಅಂತಾನೆ."

ಅವಳು ಒಳಗೆ ಹೋದಳು. ಗೋಡೆಗೂ ಅವನಿಗೂ ನಡುವಿನ ಇಕ್ಕಟ್ಟಿನಲ್ಲಿ ನುಸುಳಿ, ಅವನ ಬಲಕ್ಕೆ ನಿಂತಳು.

"ಕಿವಿ ವಿಷಯ ನನ್ನ ಹತ್ರ ಯಾಕೆ ಮುಚ್ಚಿಟ್ರಿ?"

ಸುರೇಂದ್ರನ ಮುಖ ಬಿಳುಚಿತು. "ಗೊತ್ತಾದ್ರೆ ನೀವೂ ಅಯ್ಯೋ ಪಾಪ ಅಂತ ನೋಡ್ತೀರಿ ಅಂತ... ನಿಮ್ಮಿಂದ ಅದು ಬೇಡ ಅನ್ನಿಸ್ತು."

"ನಿನ್ನೆ ನಾನು ಹೇಳಿದ್ದೂ ಕೇಳ್ಲಿಲ್ವಾ?"

"ಇಲ್ಲ. ತಿರುಗಿ ನೋಡಿದ್ರೆ ನೀವಿರ್ಲಿಲ್ಲ. ರಾತ್ರಿಯಿಡೀ ನಿದ್ದೆ ಬರ್ಲಿಲ್ಲ. ಏನು ಹೇಳಿದ್ರಿ?"

ಅವಳು ಬಗ್ಗಿ, ಅವನ ಕಿವಿಯ ಬಳಿ ಆ ಮಾತನ್ನು ಇನ್ನೊಮ್ಮೆ ಹೇಳಿದಳು. ಹೇಳುವಷ್ಟರಲ್ಲಿ ಕಣ್ಣು ತುಂಬಿತ್ತು.

ಅವನು ಮೌಸ್ ಬಿಟ್ಟು ಪೂರ್ತಿ ಅವಳತ್ತ ತಿರುಗಿದ. ಈ ಸಲ ಕೇಳಿಸಿದೆಯೆಂದು ಅವಳಿಗೆ ಗೊತ್ತಿತ್ತು.

"ದೂರ ಹೋದ್ರೆ ತಾನೆ ಕಳಿಸಿಕೊಡೋರು ಬೇಕಾಗೋದು?" ಅವನ ದನಿ ನಡುಗಿತು. "ನನ್ನ ಬಿಟ್ಟು ಹೋಗ್ಬೇಡಿ, ಮೋನಿಕಾ."

ಅವಳು ಅವನ ಕೈ ಹಿಡಿದಳು.

"ಹೋಗಲ್ಲ ಮಾರಾಯ..."