ಹೆಸರು ಹಿಡಿದ ತೊಲೆ

“ಬೇರೆ ಏನು ಬೇಕಾದ್ರೂ ಮುಟ್ಟಿ ಸಾಹೇಬ್ರೆ. ಆ ಬೆಣೆ ಒಂದನ್ನ ಮಾತ್ರ ಮುಟ್ಟಬೇಡಿ,” ಎಂದರು ಸೇತುವೆ ನೋಡಿಕೊಳ್ಳುವ ಮುದಿ ಬಡಗಿ ಕುವಾಂಗ್ ಮೇಸ್ತ್ರಿ.

ಎಂಜಿನಿಯರ್ ಮುಟ್ಟಿದ. ಬೇಡ ಅಂದದ್ದನ್ನೇ ಮೊದಲು ಮಾಡುವವರ ಪೈಕಿ ಅವನು. ಬೆರಳ ಗೆಣ್ಣಿನಿಂದ ಬೆಣೆಯ ತಲೆಗೆ ಟಕಟಕ ಬಡಿದು, ತೊಲೆಗೆ ಕಿವಿಯಾನಿಸಿ, ಮೇಸ್ತ್ರಿಯತ್ತ ನೋಡಿ ಕಣ್ಣು ಮಿಟುಕಿಸಿದ.

ನಮ್ಮ ತಾನ್‌ಕೌ ಪಟ್ಟಣದ ಹೊಳೆಯ ಮೇಲೆ ಮುನ್ನೂರು ವರ್ಷದಿಂದ ನಿಂತಿರುವ ಮರದ ಸೇತುವೆ ಅದು. ಮೇಲೆ ಹೆಂಚಿನ ಮಾಡು, ಎರಡೂ ಬದಿಗೆ ಹಲಗೆಯ ಗೋಡೆ, ಗೋಡೆಯುದ್ದಕ್ಕೂ ಬೆಂಚು. ಹೊರಗೆ ಸುಡುಬಿಸಿಲಿದ್ದರೂ ಒಳಗೆ ಮಬ್ಬು. ಧೂಪದ ಹೊಗೆ, ಹಳೆಯ ಎಣ್ಣೆ, ಒಣಮೀನು, ತಲೆಮಾರುಗಳ ಬೆವರು ಎಲ್ಲ ಸೇರಿ ಆ ಮರಕ್ಕೆ ಅದರದೇ ಒಂದು ವಾಸನೆ ಬಂದಿತ್ತು. ನಟ್ಟನಡುವೆ ಕರುಣೆಯ ದೇವಿ ಗ್ವಾನ್‌ಯಿನ್ ತಾಯಿಯ ಗೂಡು. ಗೂಡಿನ ಹಿಂದೆ ಇಬ್ಬರು ತಬ್ಬುವಷ್ಟು ದಪ್ಪದ ಅಡ್ಡತೊಲೆ. ಅದರ ಎದೆಯಲ್ಲಿ ಮುಷ್ಟಿಗಾತ್ರದ ಕರಿಬೆಣೆ. ನಾವು ಅತ್ತ ಬೆನ್ನು ಹಾಕಿ ಒರಗುವುದಿಲ್ಲ. ಸೇತುವೆಯ ಮೇಲೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದೂ ಇಲ್ಲ. ಅಣ್ಣ, ಅತ್ತಿಗೆ, ಮೇಸ್ತ್ರಿ, ತಾತ, ಅಷ್ಟೇ.

ಕಳೆದ ವರ್ಷದ ನೆರೆಯಲ್ಲಿ ಸೇತುವೆಯ ಕಾಲು ಅಲ್ಲಾಡಿತ್ತು. ಮರ ಗಟ್ಟಿಯಿದೆಯೋ ಇಲ್ಲವೋ ನೋಡಿ ವರದಿ ಬರೆಯಲು ದೊಡ್ಡ ಊರಿನಿಂದ ಬಂದವನು ಈ ಎಂಜಿನಿಯರ್. ಮೂವತ್ತೈದರ ಆಸುಪಾಸು, ಚುರುಕು ಕೈ, ಅದಕ್ಕಿಂತ ಚುರುಕು ನಾಲಗೆ. ಅವನ ಹೆಂಡತಿ ಪೇಯ್‌ಲಾನ್ ತುಂಬು ಬಸುರಿ. ಮದುವೆಯಾಗಿ ಏಳು ವರ್ಷ; ಎರಡು ಬಸಿರು ನಿಲ್ಲದೆ ಹೋಗಿ, ಮೂರನೆಯದು ನಿಂತಿತ್ತು. ಹೆರಿಗೆಗೆ ಇನ್ನೂ ಮೂರು ವಾರ ಇತ್ತು. ನಾಲ್ಕು ದಿನದ ಕೆಲಸ ಎರಡೇ ದಿನಕ್ಕೆ ಮುಗಿಸಿ ಓಡಬೇಕೆಂದು ಅವನು ಬಂದ ಗಳಿಗೆಯಿಂದ ತುದಿಗಾಲಲ್ಲಿದ್ದ.

“ಒಳಗೇನಿದೆ ಮೇಸ್ತ್ರಿ? ಚಿನ್ನವಾ?”

“ಹೆಸರು.”

“ಯಾರದು?”

“ಅದೇ ಯಾರಿಗೂ ಗೊತ್ತಿಲ್ಲ.” ಮೇಸ್ತ್ರಿ ದನಿ ತಗ್ಗಿಸಿದರು. “ಹೊಳೆ ಸೇತುವೆನ ತಳ್ತಾನೇ ಇರತ್ತೆ. ಹಿಡ್ಕೊಳ್ಳೋಕೆ ಒಬ್ರು ಬೇಕು. ಜೀವ ಇರೋ ಒಬ್ಬನ ಹೆಸರು, ಹುಟ್ಟಿದ ಹೊತ್ತು ಕೆಂಪು ಕಾಗದದಲ್ಲಿ ಬರೆದು, ಒಳಗಿಟ್ಟು, ಬೆಣೆ ಹೊಡೀತಾರೆ. ಅಲ್ಲಿಂದಾಚೆ ಅವನ ಉಸಿರು ಸೇತುವೆದು. ಅವನು ಸತ್ತರೆ ಇನ್ನೊಬ್ಬಂದು. ಈಗಿರೋದನ್ನ ಐವತ್ತೆರಡು ವರ್ಷದ ಹಿಂದೆ ಹೊಡೆದಿದ್ದು ನಮ್ಮಪ್ಪ. ಕೊಡತಿ ಕೆಳಗಿಟ್ಟ ಮೇಲೆ ಯಾರ ಹೆಸರು ಬರೆದೆ ಅಂತ ಅವರಿಗೂ ನೆನಪಾಗಲಿಲ್ಲ.”

“ಮರೆವಿನ ಕಾಯಿಲೆಗೆ ಈಗ ಒಳ್ಳೆ ಮಾತ್ರೆ ಬಂದಿದೆ.”

ಬೆಂಚಿನ ಮೇಲೆ ಕೂತಿದ್ದ ತರಕಾರಿ ಹೆಂಗಸರು ನಗಲಿಲ್ಲ. ಅವರ ಪಕ್ಕದಲ್ಲಿ ಬೆಂಚಿನ ತಾತ ಎಂದಿನಂತೆ ಅಂಗೈ ಮೊಣಕಾಲ ಮೇಲಿಟ್ಟು ಕೂತಿದ್ದ. ಅವನು ಯಾರು, ಎಲ್ಲಿಂದ ಬಂದವನು, ನಮಗಾರಿಗೂ ತಿಳಿಯದು. ಮಾತಿಲ್ಲ, ಕತೆಯಿಲ್ಲ. ಸೇತುವೆ ಬಿಟ್ಟು ಇಳಿದದ್ದನ್ನು ಕಂಡವರಿಲ್ಲ. ಬೆಳಿಗ್ಗೆ ಮೇಸ್ತ್ರಿ ಒಂದು ಲೋಟ ಚಹಾ, ಎರಡು ಅಕ್ಕಿಯುಂಡೆ ತಂದುಕೊಡುತ್ತಿದ್ದರು. ಯಾಕೆ ಕೊಡುತ್ತೀರಿ ಎಂದರೆ, ಕೊಡದಿದ್ದರೆ ನನಗೆ ತಿಂದದ್ದು ಮೈಗೆ ಹತ್ತುವುದಿಲ್ಲ ಎನ್ನುತ್ತಿದ್ದರು.

“ಸುತ್ತ ಹುಳ ಹಿಡಿದಿದೆ ಮೇಸ್ತ್ರಿ. ತೆಗೆದು ನೋಡ್ದೆ ವರದಿಲಿ ಏನಂತ ಬರೀಲಿ? ಮೇಸ್ತ್ರಿಗೆ ಭಯ ಅಂತಲಾ?”

ಮೇಸ್ತ್ರಿ ಕೈ ಹಿಡಿಯುವಷ್ಟರಲ್ಲಿ ಉಳಿ ಸಂದಿಗೆ ಇಳಿದಿತ್ತು. ಒಂದು ಮೀಟು. ಬೆಣೆ ಕೊಸರಿಕೊಂಡು ಹೊರಬಂತು. ರಂಧ್ರದಿಂದ ತಣ್ಣನೆಯ ಗಾಳಿ ಬೀಸಿತು. ಅದರಲ್ಲಿ ಮಸಿಯ ವಾಸನೆ ಇತ್ತು, ಈಗ ತಾನೇ ಅರೆದ ಹಸಿಮಸಿಯದು. ಎಂಜಿನಿಯರ್ ಎರಡು ಬೆರಳು ತೂರಿಸಿ ಕೆಂಪು ಕಾಗದದ ಮುದ್ದೆಯೊಂದನ್ನು ಎಳೆದ. ಅಕ್ಷರ ಒದ್ದೆಯಾಗಿತ್ತು, ಬೆರಳಿಗೆ ಕಪ್ಪಾಗಿ ಹತ್ತಿತು. ಮುಖ ಸಿಂಡರಿಸಿ ಅದನ್ನು ಹಲಗೆಗೋಡೆಯ ಕಿಟಕಿಯಿಂದ ಹೊಳೆಗೆ ಎಸೆದ.

ಬೆಂಚಿನ ತಾತ ಎದ್ದು ನಿಂತ.

“ನಾನು ಕುವಾಂಗ್ ರೊಂಗ್‌ಶೆಂಗ್,” ಎಂದ. ಬಳಸದೆ ತುಕ್ಕು ಹಿಡಿದ ದನಿ. “ಉತ್ತರ ಬೀದಿ ಮನೆ. ಹೊತ್ತಾಯ್ತು, ಅಮ್ಮ ಊಟಕ್ಕೆ ಕಾಯ್ತಿರ್ತಾಳೆ.”

ಮೇಸ್ತ್ರಿಯ ಬಾಯಿ ತೆರೆಯಿತು. ಮುಚ್ಚಲಿಲ್ಲ. ಬೆಂಚಿನಿಂದ ಎತ್ತಿಕೊಂಡಿದ್ದ ತಾತನ ಚಹಾ ಲೋಟ ಕೈಯಿಂದ ಬಿತ್ತು.

“ಅಣ್ಣಾ,” ಎಂದರು. “ಅಯ್ಯೋ, ನೀನು ನಮ್ಮಣ್ಣ ಕಣೋ!”

ಐವತ್ತೆರಡು ವರ್ಷ ದಿನಾ ಚಹಾ ಕೊಟ್ಟ ಕೈಗೆ, ಕೊಟ್ಟಿದ್ದು ಒಡಹುಟ್ಟಿದವನಿಗೆ ಎಂದು ತಿಳಿದಿರಲಿಲ್ಲ. ತಾತ ಯಾರತ್ತಲೂ ನೋಡದೆ, ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಸೇತುವೆ ಇಳಿದು, ಉತ್ತರ ಬೀದಿಯತ್ತ ನಡೆದುಬಿಟ್ಟ. ಆ ಮನೆ ಇದ್ದಲ್ಲಿ ಈಗ ಔಷಧಿ ಅಂಗಡಿ ಇದೆ.

“ಚೆನ್ನಾಗಿ ನಾಟಕ ಕಲ್ತಿದೀರಿ ಎಲ್ರೂ,” ಎಂದ ಎಂಜಿನಿಯರ್. ಆದರೆ ಮಾತು ಮುಗಿಯುವ ಮೊದಲೇ ಸೇತುವೆ ನರಳಿತು.

ಮೊದಲು ಕಾಲಡಿಯಿಂದ. ಆಮೇಲೆ ಮಾಡಿನಿಂದ. ಬೆಂಚಿನ ಮೇಲಿದ್ದ ಕಳಲೆ ಬುಟ್ಟಿ ತನ್ನಷ್ಟಕ್ಕೆ ಜಾರಿತು. ಹೆಂಚು ಉದುರಿತು. ಕೆಳಗೆ ಹೊಳೆ ಮೇಲ್ನಾಡಿನ ಮಳೆಯಿಂದ ಕೆಂಪಗೆ ಉಬ್ಬಿ ಹರಿಯುತ್ತಿತ್ತು. ಸೇತುವೆಯ ಮೇಲೆ ಇಪ್ಪತ್ತು ಜನರಾದರೂ ಇದ್ದರು. ನೆಲ ಓರೆಯಾದ ಕೂಡಲೇ ಒಬ್ಬರ ಮೇಲೊಬ್ಬರು ಬಿದ್ದು ಕಿರುಚಾಡಿದರು.

“ಬರಿ!” ಮೇಸ್ತ್ರಿ ಗೂಡಿನ ಕೆಳಗಿಂದ ಕೆಂಪು ಕಾಗದ, ಕುಂಚ ಎಳೆದು ಅವನ ಕೈಗೆ ತುರುಕಿದರು. “ನನ್ನ ಕೈ ನಡುಗ್ತಿದೆ. ನನ್ನ ಹೆಸರು ಬರಿ. ಕುವಾಂಗ್ ರೊಂಗ್‌ಫು. ಬೇಗ ಬರಿಯೋ!”

ಬೆಣೆ ತೆಗೆದದ್ದರಿಂದ ತೊಲೆ ಸಡಿಲಾಗಿದೆ, ವಾಪಸು ಹೊಡೆದರೆ ಸರಿಹೋಗುತ್ತದೆ ಎಂದು ಎಂಜಿನಿಯರ್ ಅಂದುಕೊಂಡ. ಕಾಗದ ಮೇಸ್ತ್ರಿಯ ಸಮಾಧಾನಕ್ಕೆ ಮಾತ್ರ. ಆದರೂ ಅಣ್ಣನನ್ನು ಈಗಷ್ಟೇ ಕಂಡ ಈ ಮುದುಕನ ಹೆಸರು ಬರೆಯಲು ಅವನಿಗೆ ಮನಸ್ಸಾಗಲಿಲ್ಲ. ಅವನ ಎದೆಯಲ್ಲಿದ್ದ ಒಳ್ಳೆಯತನವೇ ಅವನಿಗೆ ಮುಳುವಾಯಿತು. ಇಲ್ಲದವನೊಬ್ಬನ ಹೆಸರು ಬರೆದರೆ ಯಾರಿಗೂ ನೋವಿಲ್ಲ ಎಂದುಕೊಂಡ. ಕುಂಚ ಇಟ್ಟೊಡನೆ ಕೈ ಅಭ್ಯಾಸಬಲದಿಂದ ತನ್ನದೇ ಮನೆತನದ ಹೆಸರು ಬರೆಯಿತು: ಯಾನ್. ಎರಡನೆಯದೂ ಹಾಗೆಯೇ ಬಂತು. ಅವರ ವಂಶದಲ್ಲಿ ಯಾವ ತಲೆಮಾರಿಗೆ ಯಾವ ನಡುವಕ್ಷರ ಎಂದು ಹಿರಿಯರು ಎಂದೋ ಕಟ್ಟಿಟ್ಟಿದ್ದಾರೆ. ಮನೆಯಲ್ಲಿ ಇನ್ನೂ ಯಾರೂ ಹುಟ್ಟದ ಮುಂದಿನ ತಲೆಮಾರಿನದು ಶು. ಕೊನೆಗೆ, ಈ ಹಾಳು ಸೇತುವೆ ಸ್ವಲ್ಪ ಶಾಂತವಾಗಲಿ ಎಂದು, ಶಾಂತಿಯ ಅಕ್ಷರ ನಿಂಗ್ ಬರೆದ. ಹುಟ್ಟಿದ ಹೊತ್ತು? ಇವತ್ತಿನ ತಾರೀಖು, ಈಗಿನ ಗಳಿಗೆ.

ಮಡಚಿ ತುರುಕಿದ. ಕೊಡತಿ ಎತ್ತಿ ಮೂರು ಏಟು ಹೊಡೆದ.

ಸೇತುವೆ ನೆಟ್ಟಗಾಯಿತು. ನರಳಿಕೆ ನಿಂತಿತು.

“ನೋಡಿದ್ರಾ? ಬೆಣೆ ಹೊಡೆದ್ರೆ ಆಯ್ತು.”

“ಅದು ನನ್ನ ಹೆಸರಲ್ಲ.” ಮೇಸ್ತ್ರಿ ತಮ್ಮ ಎದೆ ಮುಟ್ಟಿ ನೋಡಿಕೊಂಡರು. “ನನ್ನ ಹೆಸರು ನನ್ನ ಹತ್ರಾನೇ ಇದೆ. ಯಾರದು ಬರೆದೆ?”

“ಯಾರದೂ ಅಲ್ಲ. ಅಂಥವನು ಹುಟ್ಟೇ ಇಲ್ಲ.”

ಮೇಸ್ತ್ರಿ ಕುಂಚ ಎತ್ತಿ ಮತ್ತೆ ಗೂಡಿನ ಕೆಳಗಿಟ್ಟರು. “ಹುಟ್ಟಿಸಿಬಿಟ್ಟೆ ಕಣೋ,” ಎಂದರು. ಅಣ್ಣನನ್ನು ಹುಡುಕಿಕೊಂಡು ಹೊರಟೇ ಹೋದರು.

ಬಿಸಿಲು ಇಳಿಮುಖವಾಯಿತು. ಎಂಜಿನಿಯರ್ ಉಳಿದ ತೊಲೆಗಳನ್ನು ಅಳೆಯುತ್ತ, ಸಿಳ್ಳೆ ಹಾಕುತ್ತ ಇದ್ದಾಗ ಫೋನ್ ಬಂತು. ಅವನ ಅಪ್ಪ.

“ಗಂಡು ಮಗು ಕಣೋ! ಮೂರು ವಾರ ಮೊದ್ಲೇ. ಇದ್ದಕ್ಕಿದ್ದ ಹಾಗೆ ನೋವು ಬಂತು, ಗಾಡಿ ಹತ್ತಿಸೋಕೂ ಪುರುಸೊತ್ತು ಕೊಡದೆ ಮನೇಲೇ ಹುಟ್ಬಿಟ್ಟ. ಈಗ ಆಸ್ಪತ್ರೇಲಿದೀವಿ.”

“ಪೇಯ್‌ಲಾನ್ ಹೇಗಿದಾಳೆ?”

“ಅವಳು ಆರಾಮಾಗಿದಾಳೆ. ಮಗು ಸ್ವಲ್ಪ…” ಅಪ್ಪನ ಸಡಗರದ ದನಿ ಸೋತಿತು. “ಉಸಿರಾಟ ಸರಿಯಿಲ್ಲ. ಇರತ್ತೆ, ನಿಲ್ಲತ್ತೆ. ಯಾಕಂತ ಡಾಕ್ಟ್ರಿಗೂ ಗೊತ್ತಾಗ್ತಿಲ್ಲ. ಅದಕ್ಕೇ ನಿನ್ನ ಕೇಳೋಕೆ ಕಾಯದೆ ಹೆಸರಿಟ್ಬಿಟ್ಟೆ. ಹೆಸರಿದ್ರೆ ಜೀವ ಗಟ್ಟಿಯಾಗಿ ಕೂರತ್ತೆ. ತುಂಬ ಒದ್ದಾಡ್ತಿತ್ತು ಪಾಪ, ಶಾಂತವಾಗಿರ್ಲಿ ಅಂತ ನಿಂಗ್ ಅಂದೆ. ಯಾನ್ ಶುನಿಂಗ್. ಚೆನ್ನಾಗಿದೆ ಅಲ್ವಾ?”

“ಎಷ್ಟು ಹೊತ್ತಿಗೆ ಹುಟ್ಟಿದ್ದು ಅಪ್ಪ?”

ಅಪ್ಪ ಹೇಳಿದ ಹೊತ್ತು, ಅವನು ಕುಂಚ ಹಿಡಿದಿದ್ದ ಹೊತ್ತು.

ಸುಮ್ಮನೆ ಕಾಕತಾಳೀಯ ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ಒಬ್ಬ ಅಕ್ಕಿಮೂಟೆಗಳ ಕೈಗಾಡಿ ತಳ್ಳುತ್ತ ಸೇತುವೆ ಹತ್ತಿದ. ಹಲಗೆಗಳು ಗಡಗಡ ಎಂದವು. ಫೋನಿನ ಆಚೆ ಮಗುವಿನ ಅಳು ಥಟ್ಟನೆ ನಿಂತಿತು.

“ಮತ್ತೆ ನಿಂತಿತು! ಸಿಸ್ಟರ್, ಮತ್ತೆ ನಿಂತಿತು!” ಅಪ್ಪ ಕೂಗಿದ.

ಗಾಡಿ ಉರುಳಿತು. ಒಂದು ಹಲಗೆ. ಇನ್ನೊಂದು ಹಲಗೆ. ಗಾಡಿಯವನಿಗೆ ಅವಸರವಿರಲಿಲ್ಲ. ಸಿಗರೇಟು ಹಚ್ಚಿಕೊಳ್ಳಲು ನಡುವೆ ನಿಂತ.

“ಇಳೀರಿ! ದಾಟ್ರೀ ಬೇಗ!” ಎಂಜಿನಿಯರ್ ಅರಚಿದ. ಗಾಡಿಯವನು ಹೆದರಿ ಓಡಿದ. ಹಿಂದಿನ ಗಾಲಿ ಆಚೆಯ ಕಲ್ಲುಚಪ್ಪಡಿಗೆ ತಾಗಿದ ಕ್ಷಣ, ಫೋನಿನಲ್ಲಿ ಮಗು ಕೀರಲಾಗಿ ಅತ್ತಿತು.

ಸಂಜೆಯ ಜನ ಬರತೊಡಗಿದ್ದರು. ಕಾರ್ಖಾನೆ ಬಿಟ್ಟವರು, ಶಾಲೆ ಮಕ್ಕಳು, ಸೈಕಲ್ಲು, ಕೋಳಿಬುಟ್ಟಿ. ಎರಡೂ ತುದಿಯಿಂದ ಬರುತ್ತಿದ್ದರು. ಒಂದು ಹೆಜ್ಜೆಗೆ ಒಂದು ಉಸಿರು. ಅವನು ಕೈ ಅಗಲಿಸಿ ತಡೆಯಲು ನೋಡಿದ. ಹುಚ್ಚನೆಂದು ಬಳಸಿಕೊಂಡು ಹೋದರು.

ಅವನು ತೊಲೆಯತ್ತ ಓಡಿದ. ಉಳಿ ಇಟ್ಟ. ಬೆಣೆ ಅಲುಗಲಿಲ್ಲ. ಕೊಡತಿಯಿಂದ ಬಡಿದ. ಮರದೊಳಗೆ ಏನೋ ಮೆಲ್ಲಗೆ ಚೀಪುವ ಸದ್ದು. ಕಿವಿಯಿಟ್ಟ. ಹಸುಗೂಸು ಮೊಲೆ ಚೀಪುವ ಸದ್ದು ಅದು.

ಯಾರೋ ಹಿಂದಿನಿಂದ ಕೈ ಹಿಡಿದರು. ಮೇಸ್ತ್ರಿ. ಕಣ್ಣು ಅತ್ತು ಕೆಂಪಾಗಿತ್ತು.

“ಬರೀ ಕಿತ್ತರೆ ಇಷ್ಟೂ ಜನ ಹೊಳೆ ಪಾಲು.”

“ನನ್ನ ಮಗ ಮೇಸ್ತ್ರಿ! ನನ್ನ ಮಗನ ಹೆಸರು ಅದು!”

ಮೇಸ್ತ್ರಿಯ ಮುಖ ಬಿಳಿಚಿತು. “ದೊಡ್ಡವನಾಗಿದ್ರೆ ಹೆಸರು ಹೋಗತ್ತೆ, ಮೈ ಉಳಿಯತ್ತೆ. ಈ ಹಲಗೆ ಬಿಟ್ಟು ಇಳಿಯೋಕಾಗಲ್ಲ, ಅಷ್ಟೇ. ಹಸುಗೂಸಿಗೆ ಮೈಯೆಲ್ಲಿದೆ? ರಾತ್ರಿ ದಾಟಲ್ಲ ಅದು.” ತಡವರಿಸಿದರು. “ನನ್ನದು ಬರಿ. ಈಗಲಾದ್ರೂ ಬರಿ.”

“ಆಗುತ್ತಾ?”

ಮೇಸ್ತ್ರಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಮೊದಲೇ ಆಗಿದ್ರೆ ಆಗ್ತಿತ್ತು. ಈಗ ರಕ್ತ ರುಚಿ ನೋಡಿದೆ. ಅದೇ ರಕ್ತ ಕೊಟ್ರೇನೇ ಬಿಡತ್ತೆ.”

ಎಂಜಿನಿಯರ್ ಹೆಚ್ಚು ಯೋಚಿಸಲಿಲ್ಲ. ಅವನನ್ನು ಎಷ್ಟು ಬೈದರೂ ಈ ಒಂದು ಮಾತು ಹೇಳಲೇಬೇಕು: ಅವನು ಯೋಚಿಸಲಿಲ್ಲ. ಫೋನನ್ನು ಗೂಡಿನ ಅಂಚಿಗಿಟ್ಟ. ಕೆಂಪು ಕಾಗದ ಹರಡಿದ. ತನ್ನ ಹೆಸರಿನ ಮೂರಕ್ಷರ ಬರೆದ. ಹುಟ್ಟಿದ ಹೊತ್ತು ಬರೆದ. ಕಾಗದವನ್ನು ತೊಲೆಗೆ ತೋರಿಸಿದ. ಬೆಣೆ ತಾನಾಗಿ ಸಡಿಲಿತು.

ಒಳಗಿನ ಕಾಗದ ಬೆಚ್ಚಗಿತ್ತು. ಕಿತ್ತ. ಸೇತುವೆ ಜೋಲಿ ಹೊಡೆಯಿತು. ಹೆಂಚು ಸುರಿಯಿತು. ಕಿರುಚಾಟ. ಕತ್ತಲೆ. ಧೂಳು. ತನ್ನದನ್ನು ತುರುಕಿದ. ಬೆಣೆ ಇಟ್ಟ. ಕೊಡತಿ ಎತ್ತಿದ.

ಒಂದು ಏಟು. ಶಾಲೆಯಲ್ಲಿ ಗೆಳೆಯರು ಹೆಸರು ಹಿಡಿದು ಕೂಗುತ್ತಿದ್ದ ದನಿ ಹೋಯಿತು.

ಎರಡು ಏಟು. ಅಪ್ಪ ಗದರುತ್ತಿದ್ದ ದನಿ ಹೋಯಿತು.

ಮೂರನೆಯದಕ್ಕೆ ಕೈ ತಡೆಯಿತು. ಕತ್ತಲಲ್ಲಿ ಪೇಯ್‌ಲಾನ್ ಕರೆಯುವ ದನಿ ಇನ್ನೂ ಉಳಿದಿತ್ತು. ಅದೊಂದನ್ನು ಇಟ್ಟುಕೊಳ್ಳೋಣವೇ ಎನಿಸಿತು. ಫೋನಿನಲ್ಲಿ ಯಾರೋ ಎದೆ ಬಡಿದುಕೊಳ್ಳುತ್ತಿದ್ದರು. ಹೊಡೆದ.

ಎಲ್ಲ ನಿಂತಿತು. ಜನ ಮೆಲ್ಲಗೆ ಎದ್ದು, ಮೈ ಕೊಡವಿ, ಬುಟ್ಟಿ ಹುಡುಕತೊಡಗಿದರು. ಗೂಡಿನ ಅಂಚಿನಿಂದ ಮಗುವಿನ ಅಳು ಕೇಳುತ್ತಿತ್ತು. ಗಟ್ಟಿ ಅಳು. ಸೈಕಲ್ಲೊಂದು ಹಲಗೆಯ ಮೇಲೆ ಹಾದುಹೋಯಿತು. ಅಳು ನಿಲ್ಲಲಿಲ್ಲ. ಆದರೆ ಅವನ ಎದೆಯಲ್ಲಿ ಉಸಿರು ಒಂದು ಸಲ ತಪ್ಪಿತು.

ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು. ಯಾವುದೋ ಗುರುತಿಲ್ಲದವನನ್ನು ನೋಡುವಂತೆ ಅವನನ್ನು ನೋಡಿ, “ಪೆಟ್ಟಾಯ್ತೇನಪ್ಪ? ಕೂತ್ಕೋ,” ಎಂದು ಹೇಳಿ ಮನೆಯತ್ತ ಹೊರಟರು.

ಅವನು ಫೋನ್ ಎತ್ತಿಕೊಂಡ.

“ಹಲೋ? ಹಲೋ?” ಪೇಯ್‌ಲಾನ್‌ಳ ದನಿ. ದಣಿದಿತ್ತು, ಆದರೂ ನಗುತ್ತಿತ್ತು. “ಮಾವ, ಈ ಫೋನು ಯಾರಿಗೆ ಹಚ್ಚಿದ್ರಿ? ಯಾರೋ ಇದಾರೆ ಇದ್ರಲ್ಲಿ.”

“ನಾನು ಯಾರಿಗೂ ಹಚ್ಚಿಲ್ವಲ್ಲಮ್ಮ,” ಎಂದ ಮುದುಕ ಹಿಂದಿನಿಂದ.

“ಮಗು… ಉಸಿರಾಡ್ತಿದೆಯಾ?” ಎಂದು ಅವನು ಕೇಳಿದ.

“ಹೂಂ, ಆಡ್ತಿದೆ. ಈಗ ಚೆನ್ನಾಗಿ ಆಡ್ತಿದೆ.” ಎಲ್ಲೋ ಕೇಳಿದ ದನಿ ಎನಿಸಿತೋ ಏನೋ, ಅವಳು ಫೋನ್ ಇಡಲಿಲ್ಲ. “ನೀವು ಯಾರು? ಯಾರ ಕಡೆಯವರು?”

ಅವನು ಬಾಯಿ ತೆರೆದ. ಒಳಗೆಲ್ಲ ತಡಕಾಡಿದ. ಏನೂ ಸಿಗಲಿಲ್ಲ.

“ಇಲ್ಲೇ… ಸೇತುವೆ ಕಡೆಯವನು ತಾಯಿ,” ಎಂದ. “ಮಗೂನ ಬೆಚ್ಚಗೆ ಹೊದಿಸಿ ಮಲಗ್ಸಿ.”

ಆಯ್ತು ಎಂದು ಹೇಳಿ ಅವಳು ಫೋನ್ ಇಟ್ಟಳು.