ನಾನು ಸಹಿ ಹಾಕದ ಹಾಳೆ

ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ. ನನ್ನ ಲೆಕ್ಕವನ್ನೇ ಎರಡು ಸಲ ನೋಡದೆ ನಂಬುವುದಿಲ್ಲ. ಇದನ್ನು ಮಾತ್ರ ನಾಲ್ಕು ಸಲ ನೋಡಿದ್ದೇನೆ.

ಬೀಜಗಣಿತದ ಸಮೀಕರಣ ಬಿಡಿಸುವ ನಮ್ಮ ಸಾಫ್ಟ್‌ವೇರ್‌ನಲ್ಲಿ, ಬಳಕೆದಾರರು ಟೈಪ್ ಮಾಡಿದ್ದನ್ನು ಮೊದಲು ಪರೀಕ್ಷಿಸುವ ಭಾಗ ನನ್ನದು. ಗಣಿತದ ವೇಷದಲ್ಲಿ ಬೇರೆ ಆಜ್ಞೆ ನುಸುಳಿದರೆ ಕಂಪ್ಯೂಟರ್ ಅದನ್ನೂ ಪಾಲಿಸಿಬಿಡುತ್ತದೆ.

ಆ ಮಧ್ಯಾಹ್ನ ಅಂಥದೇ ಒಂದು ಸಾಲು ಮತ್ತೆ ಮತ್ತೆ ಬಂತು. ಉದ್ದಕ್ಕೆ ಮಿತಿ ಹಾಕಿದೆ. ಮಿತಿಗೆ ತಕ್ಕಷ್ಟು ಕುಗ್ಗಿ ಬಂತು. ಚುಕ್ಕಿ ಬೇಡವೆಂದೆ, ಚುಕ್ಕಿ ಬಿಟ್ಟು ಬಂತು. ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ, ಮುಂದಿನ ನಿಯಮವನ್ನು ಕಾಗದದ ಮೇಲಷ್ಟೇ ಬರೆದೆ: ಅಂಕಿ ಬೇಡ. ಯಾರೂ ಮುಟ್ಟದ ಕೀಬೋರ್ಡ್ ಟಕ್ಕೆಂದಿತು. ಅಂಕಿಯಿಲ್ಲದ ಸಾಲು ಬಂತು.

"ಸಹಿ ಹಾಕಮ್ಮ, ಐದಕ್ಕೆ ಬಿಡುಗಡೆ," ಎಂದರು ನಮ್ಮ ಮುಖ್ಯಸ್ಥರು, ಸಾಫ್ಟ್‌ವೇರ್ ಹೊರಬಿಡಲು ನನ್ನ ಒಪ್ಪಿಗೆ ಬೇಕಾದ ಹಾಳೆಯನ್ನು ಚಾಚಿ. "ನಿನಗೆ ಹಗ್ಗ ಕಂಡರೂ ಹಾವು."

"ಹಗ್ಗ ಅಂತೀರಲ್ಲ ಸಾರ್, ನೀವೇ ಹಿಡಿದು ನೋಡಿ."

ಅವರು ಕೀಬೋರ್ಡ್ ಮುಟ್ಟಿದವರೇ ಸರಕ್ಕನೆ ಕೈ ಎಳೆದುಕೊಂಡರು. "ಏಸಿ ಜಾಸ್ತಿಯಾಗಿದೆ," ಎಂದರು. ಏಸಿ ಕೆಟ್ಟು ಮೂರು ದಿನವಾಗಿತ್ತು.

ನಾನು ನಿಯಮಗಳನ್ನೆಲ್ಲ ಅಳಿಸಿ ಒಂದೇ ಒಂದನ್ನು ಬರೆದೆ: ಏನೇ ಬರಲಿ, ತಿರಸ್ಕರಿಸು.

"ಕೆಲಸ ಹೋಗುತ್ತೆ ನೋಡು."

"ಹೋದರೆ ಹೋಗಲಿ. ನಾನು ಸಹಿ ಹಾಕಲ್ಲ," ಎಂದು ಸಹಿಯಿಲ್ಲದ ಹಾಳೆಯನ್ನು ಅವರ ಕೈಗೇ ಕೊಟ್ಟೆ. ಬಿಡುಗಡೆ ನಿಂತಿತು.

ಐದು ಗಂಟೆಗೆ ಇಬ್ಬರೂ ಕೂತು ಆ ಹೊಸ ನಿಯಮದ ದಾಖಲೆ ತೆರೆದೆವು. ತಿರಸ್ಕರಿಸಿದ್ದು ನಲವತ್ತು ಸಾಲು. ಸ್ವೀಕರಿಸಿದ್ದು ಒಂದು.